ಮ್ಯಾಡ್ರಿಡ್‌ನ ಸಾನ್ ಹಿನೆಸ್ ಚಾಕೊಲೇಟ್ ಅಂಗಡಿ: ತಿಂಡಿ, ಸೇವೆ ಮತ್ತು ಸಿಬ್ಬಂದಿಯನ್ನು ಮಾತನಾಡಿಸುವ ಬಗೆ

ಮ್ಯಾಡ್ರಿಡ್ ನಗರದ ನಡುಮಧ್ಯದಲ್ಲಿರುವ ಪುವೆರ್ತಾ ದೆಲ್ ಸೋಲ್ ಚೌಕದಿಂದ ಅರೆನಾಲ್ ಬೀದಿ ಹಿಡಿದು ಸ್ವಲ್ಪ ದೂರ ನಡೆದರೆ ಎಡಗಡೆಗೆ ಸಾನ್ ಹಿನೆಸ್ ಚರ್ಚು ಸಿಗುತ್ತದೆ. ಅದರ ಮಗ್ಗುಲಿನ ಕಿರಿದಾದ ಓಣಿಯಲ್ಲಿ, ಹಳೆಯ ಪುಸ್ತಕ ಮಾರುವ ಮಳಿಗೆಯನ್ನು ದಾಟಿ ಒಳಗೆ ಹೋದರೆ, 1894ರಿಂದ ಬಿಸಿ ಚಾಕೊಲೇಟ್ ಮತ್ತು ಮೈದಾ ಹಿಟ್ಟಿನ ಕರಿದ ತಿಂಡಿಯಾದ ಚುರೋಗಳನ್ನು ಮಾರುತ್ತ ಬಂದಿರುವ ಚೊಕೊಲತೆರಿಯಾ ಸಾನ್ ಹಿನೆಸ್ ಇದೆ. ಹಸಿರು ಬಣ್ಣದ ಮರದ ಹಲಗೆಗಳು, ಬಿಳಿಯ ಅಮೃತಶಿಲೆಯ ಮೇಜುಗಳು, ಗೋಡೆಯ ತುಂಬ ಕನ್ನಡಿಗಳು ಹಾಗೂ ಇಲ್ಲಿಗೆ ಬಂದುಹೋದ ಖ್ಯಾತನಾಮರ ಫೋಟೋಗಳು. ಇವಿಷ್ಟರಿಂದಲೇ ಈ ಅಂಗಡಿಯ ಒಳಗನ್ನು ಗುರುತಿಸಬಹುದು. ಸ್ಪೇನ್ ಪ್ರವಾಸಕ್ಕೆ ಹೊರಟ ಕನ್ನಡಿಗರು, ಅದರಲ್ಲೂ ಮಾಂಸಾಹಾರ ಸೇವಿಸದವರು, ಇಲ್ಲಿಗೆ ಒಮ್ಮೆ ಹೋಗಲೇಬೇಕೆಂಬುದು ನನ್ನ ಅಭಿಪ್ರಾಯ. ಆದರೆ ತಿಂಡಿಯ ರುಚಿಯಷ್ಟೇ ಈ ವಿಮರ್ಶೆಯ ವಿಷಯವಲ್ಲ. ಮ್ಯಾಡ್ರಿಡ್‌ನ ಹೋಟೆಲ್ ಸಿಬ್ಬಂದಿ ಮುಖ ಗಂಟಿಕ್ಕಿಕೊಂಡು ಮಾತನಾಡುತ್ತಾರೆ, ನಗುವುದಿಲ್ಲ, ಗಿರಾಕಿಯನ್ನು ಲೆಕ್ಕಿಸುವುದಿಲ್ಲ ಎಂಬ ದೂರನ್ನು ಪ್ರವಾಸ ಮುಗಿಸಿ ಬಂದವರ ಬಾಯಲ್ಲಿ ಕೇಳುತ್ತಿರುತ್ತೇವೆ. ಸಾನ್ ಹಿನೆಸ್‌ನಂತಹ ಗದ್ದಲದ ಅಂಗಡಿಯಲ್ಲಿ ಕುಳಿತು ಅಲ್ಲಿನ ವ್ಯವಹಾರವನ್ನು ಗಮನಿಸಿದ ಮೇಲೆ ಆ ದೂರಿನಲ್ಲಿ ಹುರುಳಿಲ್ಲವೆಂದು ನನಗೆ ಅನ್ನಿಸಿದೆ. ಅಲ್ಲಿನ ಸೌಜನ್ಯಕ್ಕೆ ಅದರದೇ ಆದ ಕ್ರಮವಿದ್ದು, ಅದನ್ನು ತಿಳಿದು ಹೋದವರಿಗೆ ಸೇವೆಯೂ ಸೊಗಸಾಗಿಯೇ ಸಿಗುತ್ತದೆ.

ಮೊದಲು ವ್ಯವಸ್ಥೆಯನ್ನು ಅರಿತುಕೊಳ್ಳಬೇಕು. ಬಾಗಿಲ ಬಳಿಯ ಕೌಂಟರಿನಲ್ಲಿ ಬೇಕಾದುದನ್ನು ಹೇಳಿ, ಹಣ ಕೊಟ್ಟು, ಚೀಟಿ ಪಡೆದು, ಮೇಜು ಹಿಡಿದು ಕುಳಿತ ಮೇಲೆ ಸಪ್ಲೈಯರ್ ಬಂದು ಆ ಚೀಟಿಯನ್ನು ತೆಗೆದುಕೊಂಡು ತಿಂಡಿ ತಂದುಕೊಡುವುದು ಇಲ್ಲಿನ ಪದ್ಧತಿ. ಬೆಂಗಳೂರಿನ ದರ್ಶಿನಿಗಳಲ್ಲಿ ಮೊದಲು ಬಿಲ್ ಮಾಡಿಸಿ ಆಮೇಲೆ ಕೌಂಟರಿಗೆ ಹೋಗುವ ನಮಗೆ ಇದರಲ್ಲಿ ಹೊಸತೇನೂ ಕಾಣುವುದಿಲ್ಲ. ಒಂದೇ ವ್ಯತ್ಯಾಸವೆಂದರೆ ಇಲ್ಲಿ ಕುಳಿತಲ್ಲಿಗೇ ತಂದುಕೊಡುತ್ತಾರೆ. ಹೀಗಾಗಿ ಈ ಅಂಗಡಿಯಲ್ಲಿ ಗಿರಾಕಿ ಮಾತನಾಡಬೇಕಾದುದು ಮುಖ್ಯವಾಗಿ ಇಬ್ಬರೊಂದಿಗೆ. ಹಣ ತೆಗೆದುಕೊಳ್ಳುವವರು ಗಂಡಸಾದರೆ ‘ಕಹೇರೊ’, ಹೆಂಗಸಾದರೆ ‘ಕಹೇರಾ’. ತಂದುಕೊಡುವವರು ‘ಕಮರೇರೊ’ ಅಥವಾ ‘ಕಮರೇರಾ’. ಕಣ್ಣಿಗೆ ಅಷ್ಟಾಗಿ ಬೀಳದ, ಬಾಣಲೆಯ ಮುಂದೆ ನಿಂತು ಚುರೋ ಕರಿಯುವಾತ ‘ಚುರೇರೊ’. ಇವರೆಲ್ಲರ ಮೇಲ್ವಿಚಾರಣೆ ನೋಡಿಕೊಳ್ಳುವವರನ್ನು ‘ಎಂಕರ್ಗಾದೊ’ ಎಂದೂ, ಮಹಿಳೆಯಾಗಿದ್ದರೆ ‘ಎಂಕರ್ಗಾದಾ’ ಎಂದೂ ಕರೆಯುತ್ತಾರೆ, ಮಾಲೀಕರು ‘ದುವೇನ್ಯೊ’. ಬಿಳಿಯ ಮೇಜುಬಟ್ಟೆ ಹಾಸಿದ ದೊಡ್ಡ ರೆಸ್ಟೋರೆಂಟುಗಳಲ್ಲಿ ಅತಿಥಿಗಳನ್ನು ಎದುರುಗೊಂಡು ಮೇಜು ತೋರಿಸುವ ‘ಮೆತ್ರೆ’, ದ್ರಾಕ್ಷಾರಸದ ಬಗ್ಗೆ ಸಲಹೆ ಕೊಡುವ ‘ಸುಮಿಯೇರ್’ ಮುಂತಾದವರೂ ಇರುತ್ತಾರಾದರೂ ಚಾಕೊಲೇಟ್ ಕುಡಿಯಲು ಹೋದವರಿಗೆ ಅವರಿಂದ ಆಗಬೇಕಾದುದು ಏನೂ ಇಲ್ಲ.

ಈ ಹೆಸರುಗಳನ್ನೆಲ್ಲ ಕಲಿಸುವ ಪಠ್ಯಗಳು ಮತ್ತು ಮೊಬೈಲ್ ಪಾಠಗಳು ಒಂದು ಮುಖ್ಯ ಸಂಗತಿಯನ್ನು ಬಿಟ್ಟುಬಿಡುತ್ತವೆ. ಇವು ಸಿಬ್ಬಂದಿಯ ಕುರಿತು ಮಾತನಾಡಲು ಬಳಸುವ ಪದಗಳೇ ಹೊರತು ಅವರನ್ನು ಕೂಗಿ ಕರೆಯಲು ಬಳಸುವ ಪದಗಳಲ್ಲ. ‘ಆ ಕಮರೇರಾ ಬಹಳ ಚುರುಕಾಗಿ ಕೆಲಸ ಮಾಡುತ್ತಾರೆ’ ಎಂದು ಗೆಳೆಯರಿಗೆ ಹೇಳಬಹುದು. ಆದರೆ ಕುಳಿತಲ್ಲಿಂದಲೇ ‘ಕಮರೇರೊ!’ ಎಂದು ದನಿಯೆತ್ತಿದರೆ ಇಂದಿನ ಸ್ಪೇನ್‌ನಲ್ಲಿ ಅದು ದರ್ಪದ ಮಾತಾಗಿ ಕೇಳಿಸುತ್ತದೆ. ಚಿಟಿಕೆ ಹೊಡೆಯುವುದು, ಶಿಳ್ಳೆ ಹಾಕುವುದು, ಬಾಯಿಂದ ‘ಶ್’ ಎನ್ನುವುದು ಇವೆಲ್ಲ ಇನ್ನೂ ಕೆಟ್ಟವು. ನಮ್ಮಲ್ಲಿಯೂ ಅಂತಹ ಗಿರಾಕಿಗಳಿಗೆ ಕೊರತೆಯಿಲ್ಲವೆಂಬುದನ್ನು ಒಪ್ಪಿಕೊಳ್ಳೋಣ. ಸರಿಯಾದ ಕ್ರಮವೆಂದರೆ, ಸಿಬ್ಬಂದಿಯವರು ಇತ್ತ ನೋಡಿದಾಗ ಅವರ ಕಣ್ಣಿಗೆ ಬೀಳುವಂತೆ ಕೈಯನ್ನು ಸ್ವಲ್ಪವೇ ಮೇಲೆತ್ತಿ ‘ಪೆರ್ದೋನೆ’ ಎನ್ನುವುದು. ‘ಕ್ಷಮಿಸಿ’ ಎಂಬ ಅರ್ಥದ ಈ ಮಾತೇ ಅಲ್ಲಿ ‘ಸ್ವಲ್ಪ ಇಲ್ಲಿ ನೋಡಿ’ ಎನ್ನುವ ಕೆಲಸವನ್ನೂ ಮಾಡುತ್ತದೆ. ‘ದಿಸ್ಕುಲ್ಪೆ’ ಎಂದರೂ ನಡೆಯುತ್ತದೆ. ತುರ್ತಿಲ್ಲದಿದ್ದರೆ ‘ಕುವಾಂದೊ ಪುವೇದಾ’, ಅಂದರೆ ‘ನಿಮಗೆ ಬಿಡುವಾದಾಗ’ ಎಂದು ಸೇರಿಸಿದರೆ ಇನ್ನೂ ಒಳ್ಳೆಯದು. ಒಂದೇ ಸಮನೆ ಐದಾರು ಮೇಜುಗಳ ನಡುವೆ ಓಡಾಡುತ್ತಿರುವವರಿಗೆ ಈ ಎರಡು ಪದಗಳು ಎಷ್ಟು ಹಿತವಾಗಿ ಕೇಳಿಸುತ್ತವೆಂಬುದನ್ನು ಅವರ ಮುಖದಲ್ಲೇ ಕಾಣಬಹುದು.

‘ನೀನು’ ಮತ್ತು ‘ನೀವು’ ಎಂಬ ಭೇದವನ್ನು ಹುಟ್ಟಿನಿಂದಲೇ ಬಲ್ಲ ಕನ್ನಡಿಗರಿಗೆ ಸ್ಪ್ಯಾನಿಷ್‌ನ ‘ತು’ ಮತ್ತು ‘ಉಸ್ತೆದ್’ ಅರ್ಥವಾಗುವುದಕ್ಕೆ ಹೊತ್ತು ಬೇಕಿಲ್ಲ. ಗಮನಿಸಬೇಕಾದುದು ಕ್ರಿಯಾಪದವನ್ನು. ‘ಉಸ್ತೆದ್’ ಎಂಬುದು ‘ತಮ್ಮ ಕೃಪೆ’ ಎಂಬರ್ಥದ ‘ವುವೆಸ್ತ್ರಾ ಮೆರ್ಸೆದ್’ ಎಂಬ ಹಳೆಯ ಗೌರವದ ಮಾತು ಸವೆದು ಉಳಿದ ರೂಪವಾದ್ದರಿಂದ, ಅದರ ಜೊತೆಗೆ ಬರುವ ಕ್ರಿಯಾಪದ ‘ಅವರು ಮಾಡುತ್ತಾರೆ’ ಎನ್ನುವಂತೆ ಪ್ರಥಮ ಪುರುಷದಲ್ಲಿರುತ್ತದೆ. ಸರ್ವನಾಮವನ್ನು ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳುವುದಿಲ್ಲ. ಗೌರವ ಅಥವಾ ಸಲುಗೆ ಕ್ರಿಯಾಪದದ ಕೊನೆಯಲ್ಲೇ ತಿಳಿಯುತ್ತದೆ. ‘ಮೆ ಪೋನೆ ಉನ್ ಚೊಕೊಲಾತೆ ಕೋನ್ ಚುರೋಸ್, ಪೋರ್ ಫಾವೋರ್?’ ಎಂದರೆ ‘ಒಂದು ಚಾಕೊಲೇಟ್ ಮತ್ತು ಚುರೋ ಕೊಡುತ್ತೀರಾ?’ ಎಂದಾಗುತ್ತದೆ. ಅದೇ ‘ಪೋನೆಸ್’ ಎಂದು ಕೊನೆಗೊಂದು ಸಕಾರ ಸೇರಿಸಿದರೆ ‘ಕೊಡುತ್ತೀಯಾ?’ ಎಂಬ ಸಲುಗೆ ಬಂದುಬಿಡುತ್ತದೆ. ಕರೆಯುವಾಗಲೂ ಹೀಗೆಯೇ: ‘ಪೆರ್ದೋನೆ’ ಗೌರವದ ರೂಪ, ‘ಪೆರ್ದೋನಾ’ ಸಲುಗೆಯದು.

ಹಾಗಾದರೆ ಯಾವುದನ್ನು ಬಳಸಬೇಕು? ಸ್ಪೇನ್‌ನಲ್ಲಿ ಸಲುಗೆಯ ರೂಪದ ಬಳಕೆ ನಾವು ಊಹಿಸುವುದಕ್ಕಿಂತ ಹೆಚ್ಚು. ಇಪ್ಪತ್ತರ ಹರೆಯದ ಗಿರಾಕಿ ಅದೇ ವಯಸ್ಸಿನ ಸಪ್ಲೈಯರ್‌ಗೆ ‘ಉಸ್ತೆದ್’ ರೂಪವನ್ನು ಬಳಸಿದರೆ ಅದು ಅತಿಯೆನಿಸಬಹುದು. ಬಾರ್‌ಗಳಲ್ಲಿ ಸಿಬ್ಬಂದಿಯೇ ಅಪರಿಚಿತ ಗಿರಾಕಿಗೆ ‘ದೀಮೆ’ (ಹೇಳು) ಎನ್ನುವುದು ಸಾಮಾನ್ಯ. ಇದನ್ನು ಕೇಳಿ ‘ನನಗೆ ಏಕವಚನವೇ?’ ಎಂದು ಸಿಡಿಮಿಡಿಗೊಳ್ಳಬೇಕಾಗಿಲ್ಲ. ಅದರಲ್ಲಿರುವುದು ಆತ್ಮೀಯತೆಯೇ ಹೊರತು ಅಗೌರವವಲ್ಲ. ಅದೇ ಕೌಂಟರಿನಲ್ಲಿ ವಯಸ್ಸಾದವರಿಗೆ ‘ದೀಗಾಮೆ’ (ಹೇಳಿ) ಎಂಬ ಗೌರವದ ರೂಪವೂ ಕಿವಿಗೆ ಬೀಳುತ್ತದೆ. ಪ್ರವಾಸಿಗರಿಗೆ ನನ್ನ ಸಲಹೆ ಸರಳವಾದುದು: ಮೊದಲ ಮಾತನ್ನು ಗೌರವದ ರೂಪದಲ್ಲೇ ಆಡಿ, ಎದುರಿನವರು ಸಲುಗೆಗೆ ಇಳಿದರೆ ನೀವೂ ಇಳಿಯಿರಿ. ನಿಮಗಿಂತ ಸ್ಪಷ್ಟವಾಗಿ ಹಿರಿಯರಾದವರೊಂದಿಗೆ ಮಾತ್ರ ಅವರು ಏನೇ ಅಂದರೂ ಗೌರವದ ರೂಪವನ್ನು ಬಿಡದಿರುವುದು ಒಳ್ಳೆಯದು. ಹಳೆಯ ಹೋಟೆಲುಗಳಲ್ಲಿ ಇದೇ ವೃತ್ತಿಯಲ್ಲಿ ದಶಕಗಳನ್ನು ಕಳೆದವರಿರುತ್ತಾರೆ. ಸ್ಪೇನ್‌ನಲ್ಲಿ ಇದು ಬೇರೆ ಕೆಲಸ ಸಿಗುವ ತನಕ ಮಾಡುವ ತಾತ್ಕಾಲಿಕ ಉದ್ಯೋಗವೆಂದು ಎಲ್ಲರೂ ಭಾವಿಸುವುದಿಲ್ಲ.

ಪಠ್ಯಪುಸ್ತಕಗಳು ಬಹುವಾಗಿ ಮೆಚ್ಚುವ ‘ಕಿಸಿಯೇರಾ’ ಎಂಬ ರೂಪದ ಬಗ್ಗೆಯೂ ಒಂದು ಮಾತು ಹೇಳಬೇಕು. ‘ನಾನು ಬಯಸುತ್ತೇನೆ’ ಎಂಬುದರ ಅತಿವಿನಯದ ಈ ರೂಪ ತಪ್ಪಲ್ಲದಿದ್ದರೂ, ಚುರೋ ಅಂಗಡಿಯ ಉದ್ದನೆಯ ಸರತಿಯಲ್ಲಿ ನಿಂತು ಅದನ್ನು ಹೇಳಿದರೆ ಸಭಾವಂದನೆ ಮಾಡಿದಂತಾಗುತ್ತದೆ. ಅಲ್ಲಿಯ ಜನ ‘ಮೆ ಪೋನೆ’ ಎನ್ನುತ್ತಾರೆ, ಇಲ್ಲವೇ ಭೂತಕಾಲದ ‘ಕೆರೀಯಾ’ ಎಂಬ ಮೃದುವಾದ ರೂಪವನ್ನು ಬಳಸುತ್ತಾರೆ. ಇಂಗ್ಲಿಷಿನಲ್ಲಿ ಯೋಚಿಸಿ ‘ನಾನು ಒಂದು ಚಾಕೊಲೇಟನ್ನು ಹೊಂದಬಹುದೇ?’ ಎಂಬಂತಹ ವಾಕ್ಯವನ್ನು ಸ್ಪ್ಯಾನಿಷ್‌ನಲ್ಲಿ ಕಟ್ಟಿದರೆ ಎದುರಿನವರಿಗೆ ಅರ್ಥವಾಗುತ್ತದೆ, ಆದರೆ ಅವರ ಹುಬ್ಬು ಮೇಲೇರುತ್ತದೆ. ‘ದಯವಿಟ್ಟು’ ಎಂಬುದನ್ನು ಮಾತುಮಾತಿಗೂ ಹೇಳಬೇಕಿಲ್ಲ. ಕೇಳಿಕೊಳ್ಳುವಾಗ ಒಮ್ಮೆ ‘ಪೋರ್ ಫಾವೋರ್’, ತಂದಿಟ್ಟಾಗ ಒಮ್ಮೆ ‘ಗ್ರಾಥಿಯಾಸ್’ ಎಂದರೆ ಸಾಕು. ಈ ಪದವನ್ನು ಲ್ಯಾಟಿನ್ ಅಮೆರಿಕದಲ್ಲಿ ‘ಗ್ರಾಸಿಯಾಸ್’ ಎಂದು ಉಚ್ಚರಿಸುತ್ತಾರೆ. ಮ್ಯಾಡ್ರಿಡ್‌ನಲ್ಲಿ ನಡುವಿನ ಅಕ್ಷರ ನಾಲಗೆಯ ತುದಿ ಹಲ್ಲಿಗೆ ತಾಗಿ ಉಸಿರು ಹೊರಬರುವ ಶಬ್ದ. ಉಳಿದಂತೆ ಸ್ಪ್ಯಾನಿಷ್‌ನ ತಕಾರ ನಮ್ಮ ತಕಾರದಂತೆಯೇ ದಂತ್ಯವಾದ್ದರಿಂದ, ಕನ್ನಡ ಬಾಯಿಗೆ ಈ ಭಾಷೆ ಇಂಗ್ಲಿಷಿಗಿಂತ ಹತ್ತಿರವೆನಿಸುತ್ತದೆ.

ಇವೆಲ್ಲಕ್ಕಿಂತ ತೂಕದ ವಿಷಯವೆಂದರೆ ಮೊದಲ ವಂದನೆ. ಕೌಂಟರಿನ ಮುಂದೆ ಬಂದ ಕೂಡಲೇ ‘ಎರಡು ಚಾಕೊಲೇಟ್’ ಎಂದು ಬೆರಳು ತೋರಿಸುವವರನ್ನೂ, ‘ಬುವೆನಾಸ್ ತಾರ್ದೆಸ್’ ಎಂದು ವಂದಿಸಿ ನಂತರ ಕೇಳುವವರನ್ನೂ ಸಿಬ್ಬಂದಿ ಒಂದೇ ರೀತಿ ಕಾಣುವುದಿಲ್ಲ. ಮಧ್ಯಾಹ್ನದ ಊಟದ ತನಕ ‘ಬುವೆನೋಸ್ ದೀಯಾಸ್’ ಎನ್ನಬೇಕು. ಅಲ್ಲಿ ಊಟದ ಹೊತ್ತು ಎರಡು ಗಂಟೆಯ ಮೇಲಾದ್ದರಿಂದ ಗಡಿಯಾರ ಹನ್ನೆರಡು ದಾಟಿದ ಮಾತ್ರಕ್ಕೆ ವಂದನೆ ಬದಲಾಗುವುದಿಲ್ಲ. ಕತ್ತಲಾದ ಮೇಲೆ ‘ಬುವೆನಾಸ್ ನೋಚೆಸ್’. ಯಾವುದು ಸರಿಯೆಂಬ ಅನುಮಾನ ಬಂದರೆ ‘ಬುವೆನಾಸ್’ ಎಂದಷ್ಟೇ ಹೇಳಿದರೂ ಆಗುತ್ತದೆ. ಸ್ಥಳೀಯರೂ ಹಾಗೆಯೇ ಹೇಳುತ್ತಾರೆ. ಬರಿಯ ‘ಒಂದು ಕಾಫಿ’ ಎಂದರೆ ಹೆಚ್ಚಿನ ಬೆಲೆ, ‘ದಯವಿಟ್ಟು’ ಸೇರಿಸಿದರೆ ಕಡಿಮೆ, ವಂದಿಸಿ ಕೇಳಿದರೆ ಇನ್ನೂ ಕಡಿಮೆ ಎಂದು ಬರೆದ ತಮಾಷೆಯ ದರಪಟ್ಟಿಗಳನ್ನು ಸ್ಪೇನ್‌ನ ಕೆಲವು ಕೆಫೆಗಳು ತೂಗುಹಾಕಿದ್ದುಂಟು. ತಮಾಷೆಯೆಂದರೂ ಗಿರಾಕಿಗಳಿಂದ ಅಲ್ಲಿನ ಸಿಬ್ಬಂದಿ ಬಯಸುವುದೇನೆಂಬುದನ್ನು ಅದು ಚೆನ್ನಾಗಿಯೇ ಹೇಳುತ್ತದೆ. ಹೊರಡುವಾಗ ‘ಗ್ರಾಥಿಯಾಸ್, ಆಸ್ತಾ ಲುವೇಗೊ’ ಎನ್ನುವುದನ್ನು ಮರೆಯಬಾರದು. ಮತ್ತೆಂದೂ ಆ ಅಂಗಡಿಗೆ ಕಾಲಿಡದವರೂ ‘ಮತ್ತೆ ಸಿಗೋಣ’ ಎಂದು ಹೇಳಿಯೇ ಹೋಗುವುದು ಅಲ್ಲಿಯ ರೂಢಿ.

ಇನ್ನು ತಿಂಡಿಯ ವಿಷಯ. ಚುರೋ ಎಂದರೆ ಮೈದಾ, ಕುದಿಯುವ ನೀರು ಮತ್ತು ಉಪ್ಪು ಸೇರಿಸಿ ಕಲಸಿದ ಹಿಟ್ಟನ್ನು ನಕ್ಷತ್ರದಾಕಾರದ ತೂತಿನ ಅಚ್ಚಿನಿಂದ ಬಿಸಿ ಎಣ್ಣೆಗೆ ಒತ್ತಿ ಕರಿದದ್ದು. ಸಾಂಪ್ರದಾಯಿಕ ಹಿಟ್ಟಿಗೆ ಮೊಟ್ಟೆ ಹಾಕುವುದಿಲ್ಲ. ಅದರ ದಪ್ಪನೆಯ, ಒಳಗೆ ಹೆಚ್ಚು ಮೆತ್ತಗಿರುವ ಸೋದರನೇ ಪೋರ್ರಾ. ಒಂದು ಬಟ್ಟಲು ಚಾಕೊಲೇಟಿನೊಂದಿಗೆ ಆರು ಚುರೋ ಅಥವಾ ಎರಡು ಪೋರ್ರಾ ಎಂಬುದು ಈ ಅಂಗಡಿಯ ವಾಡಿಕೆಯ ಜೋಡಿ. ಚುರೋದಲ್ಲಿ ಸಿಹಿಯಿರುವುದಿಲ್ಲ, ಬೇಕಾದವರು ಮೇಲೆ ಸಕ್ಕರೆ ಉದುರಿಸಿಕೊಳ್ಳಬಹುದಾದರೂ ಗಟ್ಟಿ ಚಾಕೊಲೇಟಿನಲ್ಲಿ ಅದ್ದಿದ ಮೇಲೆ ಅದರ ಅಗತ್ಯ ಬೀಳುವುದಿಲ್ಲ. ಚಾಕೊಲೇಟ್ ಕುಡಿಯುವ ಪಾನೀಯವೆನ್ನುವುದಕ್ಕಿಂತ ಅದ್ದಿಕೊಂಡು ತಿನ್ನುವ ಗಸಿಯೆನ್ನುವಷ್ಟು ದಟ್ಟವಾಗಿರುತ್ತದೆ. ‘ವಿಷಯ ತಿಳಿಯಾಗಿರಲಿ, ಚಾಕೊಲೇಟ್ ದಟ್ಟವಾಗಿರಲಿ’ ಎಂಬ ಗಾದೆಯೇ ಸ್ಪ್ಯಾನಿಷ್‌ನಲ್ಲಿದೆ. ಭಾರತದ ಹೋಟೆಲುಗಳ ‘ಹಾಟ್ ಚಾಕೊಲೇಟ್’ ಕುಡಿದು ರೂಢಿಯಾದವರಿಗೆ ಇದರ ಸಿಹಿ ಕಡಿಮೆಯೆನಿಸಬಹುದು. ನನಗೆ ಆ ತುಸುವೇ ಕಹಿಯೇ ಇಷ್ಟವಾಯಿತು. ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನನ್ನ ಮತ ಪೋರ್ರಾಕ್ಕಲ್ಲ, ಚುರೋಗೆ: ಗರಿಗರಿಯಾದ ಅದರ ಅಂಚುಗಳು ಚಾಕೊಲೇಟನ್ನು ಚೆನ್ನಾಗಿ ಹಿಡಿದುಕೊಳ್ಳುತ್ತವೆ. ಆದರೆ ಫೋಟೋ ತೆಗೆಯುತ್ತ ಕುಳಿತರೆ ಚುರೋ ಆರಿ ಬಿಗಿಯಾಗುತ್ತದೆ, ಚಾಕೊಲೇಟಿನ ಮೇಲೆ ಕೆನೆಗಟ್ಟುತ್ತದೆ. ತಟ್ಟೆ ಬಂದ ಕೂಡಲೇ ಕೈಹಾಕುವುದೇ ಸರಿ. ಹಾಲು ಸೇವಿಸದವರು ತಂದುಕೊಡುವವರನ್ನು ‘ಪೆರ್ದೋನೆ, ಎಲ್ ಚೊಕೊಲಾತೆ ಯೇವಾ ಲೇಚೆ?’ ಎಂದು ಕೇಳಬಹುದು. ‘ಚಾಕೊಲೇಟಿಗೆ ಹಾಲು ಹಾಕಿದೆಯೇ?’ ಎಂದು ಇದರ ಅರ್ಥ. ಈ ಬಗೆಯ ಪ್ರಶ್ನೆಗಳನ್ನು ಹಣ ಕೊಡುವ ಮೊದಲೇ ಕೌಂಟರಿನಲ್ಲಿ ಕೇಳಿ ಮುಗಿಸುವುದು ಇನ್ನೂ ಮೇಲು.

ಸೇವೆಯ ವೇಗ ಮೆಚ್ಚುವಂತಹುದು. ಓಣಿಯ ಉದ್ದಕ್ಕೂ ಸರತಿ ಬೆಳೆದಿದ್ದರೂ ಅದು ಬೇಗನೆ ಕರಗುತ್ತದೆ, ಚೀಟಿ ಕೊಟ್ಟ ಮೇಲೆ ಹೆಚ್ಚು ಕಾಯಬೇಕಾಗುವುದಿಲ್ಲ. ತಂದಿಟ್ಟವರು ಪಕ್ಕದಲ್ಲಿ ನಿಂತು ‘ಎಲ್ಲ ಚೆನ್ನಾಗಿದೆಯೇ?’ ಎಂದು ಉಪಚರಿಸುವುದಿಲ್ಲ, ಎದ್ದು ಹೋಗಿರೆಂದು ಅವಸರಿಸುವುದೂ ಇಲ್ಲ. ಗಿರಾಕಿಯನ್ನು ಅವನ ಪಾಡಿಗೆ ಬಿಡುವುದನ್ನು ಸ್ಪೇನ್‌ನಲ್ಲಿ ಮರ್ಯಾದೆಯೆಂದೇ ತಿಳಿಯುತ್ತಾರೆ. ಪ್ರವಾಸಿಗರ ಮುನಿಸಿಗೆ ಬಹುಪಾಲು ಕಾರಣ ಇಲ್ಲೇ ಇದೆಯೆಂದು ನನ್ನ ಊಹೆ. ಮೊದಲೇ ಹಣ ಕೊಡುವ ಕ್ರಮವಿಲ್ಲದ ಬೇರೆ ಕೆಫೆಗಳಲ್ಲಿ, ನೀವಾಗಿ ಕೇಳುವ ತನಕ ಬಿಲ್ ಬರುವುದೇ ಇಲ್ಲ. ಅದಕ್ಕಾಗಿ ಅರ್ಧ ಗಂಟೆ ಕಾದು ‘ನಮ್ಮನ್ನು ಮರೆತೇಬಿಟ್ಟರು’ ಎಂದು ಬೇಸರಿಸಿಕೊಳ್ಳುವ ಬದಲು ‘ಲಾ ಕುವೇಂತಾ, ಕುವಾಂದೊ ಪುವೇದಾ’ ಎನ್ನಬೇಕು, ಇಲ್ಲವೇ ಕೌಂಟರಿಗೇ ಹೋಗಿ ‘ಮೆ ಕೋಬ್ರಾ?’ (ಹಣ ತೆಗೆದುಕೊಳ್ಳುತ್ತೀರಾ?) ಎಂದು ಕೇಳಬೇಕು. ಟಿಪ್ಸ್ ಕೊಡಲೇಬೇಕೆಂಬ ಕಟ್ಟುಪಾಡು ಇಲ್ಲ. ಸೇವೆ ಮೆಚ್ಚುಗೆಯಾದರೆ ಉಳಿದ ಚಿಲ್ಲರೆಯನ್ನು ತಟ್ಟೆಯಲ್ಲಿ ಬಿಡುವುದು ರೂಢಿ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ಅಲ್ಲಿನ ಶೇಕಡಾವಾರು ಲೆಕ್ಕವನ್ನು ಇಲ್ಲಿಗೂ ತರಬೇಕಿಲ್ಲ.

ಸಂಬೋಧನೆಗಳ ವಿಚಾರದಲ್ಲಿ ಇನ್ನಷ್ಟು ಸೂಕ್ಷ್ಮಗಳಿವೆ. ಸಿಬ್ಬಂದಿ ನಿಮ್ಮನ್ನು ‘ಕಬಾಯೇರೊ’ ಅಥವಾ ‘ಸೆನ್ಯೋರಾ’ ಎನ್ನಬಹುದು. ನಡುವಯಸ್ಸಿನ ಮಹಿಳಾ ಸಿಬ್ಬಂದಿ ಕೆಲವೊಮ್ಮೆ ‘ಕರೀನ್ಯೊ’ ಎಂದು ಅಕ್ಕರೆಯಿಂದಲೂ ಕರೆಯುತ್ತಾರೆ. ಅದನ್ನು ಹಿಂದಿರುಗಿಸಲು ಹೋಗಬಾರದು, ಮುಖ್ಯವಾಗಿ ಗಂಡಸರು. ನಮ್ಮ ಊರುಗಳಲ್ಲಿ ಕೇಳುವ ‘ಬಾಸ್’ ಎಂಬಂತೆ ಅಲ್ಲಿ ಗಂಡಸರ ನಡುವೆ ‘ಹೆಫೆ’ ಎಂಬ ಕರೆ ಎರಡೂ ಕಡೆಯಿಂದ ನಡೆಯುತ್ತದೆ. ಬಾರ್‌ನಲ್ಲಿ ಅದು ಸಲ್ಲುತ್ತದೆ, ದುಬಾರಿ ರೆಸ್ಟೋರೆಂಟಿನಲ್ಲಿ ಸಲ್ಲದು. ಯುವತಿಯರನ್ನು ‘ಸೆನ್ಯೋರಿತಾ’ ಎನ್ನುವುದು ಹಿಂದಿನ ತಲೆಮಾರಿನ ವಾಡಿಕೆ. ಮದುವೆಯಾಗಿದೆಯೋ ಇಲ್ಲವೋ ಎಂಬುದನ್ನು ಸೂಚಿಸುವ ಆ ಕರೆ ಇಂದಿನ ಸ್ಪೇನ್‌ನ ಹಲವು ಮಹಿಳೆಯರಿಗೆ ಹಿಡಿಸುವುದಿಲ್ಲ. ಬರಿಯ ‘ಪೆರ್ದೋನೆ’ ಎಂದರೆ ಈ ಯಾವ ತೊಡಕೂ ಇರುವುದಿಲ್ಲ.

ಸ್ಪೇನ್‌ನಲ್ಲಿ ಕಲಿತದ್ದನ್ನು ಅಟ್ಲಾಂಟಿಕ್ ಸಾಗರದಾಚೆಗೆ ಇದ್ದಂತೆಯೇ ಒಯ್ಯಲಾಗದು. ಮೆಕ್ಸಿಕೊ ಮತ್ತು ಕೊಲಂಬಿಯಾಗಳಲ್ಲಿ ಸಪ್ಲೈಯರ್ ‘ಮೆಸೇರೊ’, ಅರ್ಜೆಂಟೀನಾ, ಉರುಗ್ವೆಗಳಲ್ಲಿ ‘ಮೋಸೊ’, ಚಿಲಿಯಲ್ಲಿ ‘ಗಾರ್ಸೋನ್’, ವೆನೆಜುವೆಲಾದಲ್ಲಿ ‘ಮೆಸೊನೇರೊ’. ಮೆಕ್ಸಿಕೊದಲ್ಲಿ ತಲೆ ನರೆತ ಸಪ್ಲೈಯರನ್ನೂ ‘ಹೋವೆನ್’, ಅಂದರೆ ‘ತರುಣ’ ಎಂದು ಕರೆಯುವುದುಂಟು. ಅಲ್ಲಿ ‘ಸೆನ್ಯೋರಿತಾ’ ಕೂಡ ವಿನಯದ ಕರೆಯಾಗಿಯೇ ಉಳಿದಿದೆ. ಬ್ಯೂನಸ್ ಐರಿಸ್‌ನಲ್ಲಿ ‘ತು’ ಜಾಗದಲ್ಲಿ ‘ವೋಸ್’ ಕೇಳಿಸುತ್ತದೆ. ಮ್ಯಾಡ್ರಿಡ್‌ನ ‘ಮೆ ಪೋನೆ’ ಅಲ್ಲಿ ಪರಕೀಯವೆನಿಸುವುದರಿಂದ ‘ಮೆ ತ್ರಾಯೆ’ (ತಂದುಕೊಡುತ್ತೀರಾ) ಅಥವಾ ‘ಮೆ ದಾ’ (ಕೊಡುತ್ತೀರಾ) ಎಂದು ಬದಲಿಸಿಕೊಂಡರೆ ಎಲ್ಲೆಡೆ ಸಲ್ಲುತ್ತದೆ. ಕೊಲಂಬಿಯನ್ನರು ‘ಮೆ ರೆಗಾಲಾ’, ಅಕ್ಷರಶಃ ‘ನನಗೆ ಉಡುಗೊರೆಯಾಗಿ ಕೊಡುತ್ತೀರಾ’ ಎಂದು ಕೇಳುತ್ತಾರೆ. ಹಣ ಕೊಟ್ಟೇ ಕೊಳ್ಳುತ್ತಾರೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಸಾನ್ ಹಿನೆಸ್‌ಗೆ ಹೋಗುವ ಹೊತ್ತನ್ನು ಯೋಚಿಸಿ ಆರಿಸಿಕೊಳ್ಳಬೇಕು. ಹಗಲುರಾತ್ರಿ ತೆರೆದಿರುವುದಕ್ಕೆ ಹೆಸರಾದ ಈ ಅಂಗಡಿಗೆ, ನಸುಕಿನ ವೇಳೆ ಪಕ್ಕದ ನೃತ್ಯಶಾಲೆಯಿಂದ ಹೊರಬಂದ ಯುವಜನರು ದಂಡುಗಟ್ಟಿ ಬರುತ್ತಾರೆ. ಡಿಸೆಂಬರ್ 31ರ ರಾತ್ರಿ ಪುವೆರ್ತಾ ದೆಲ್ ಸೋಲ್‌ನ ಗಡಿಯಾರದ ಹನ್ನೆರಡು ಬಡಿತಗಳಿಗೆ ಹನ್ನೆರಡು ದ್ರಾಕ್ಷಿ ತಿಂದವರು ಹೊಸ ವರ್ಷದ ಮೊದಲ ಬೆಳಗ್ಗೆ ಚಾಕೊಲೇಟ್ ಮತ್ತು ಚುರೋ ತಿನ್ನುವ ಸಂಪ್ರದಾಯವಿರುವುದರಿಂದ ಆ ದಿನದ ನೂಕುನುಗ್ಗಲನ್ನು ಊಹಿಸಿಕೊಳ್ಳಬಹುದು. ಸಂಜೆ ಆರರಿಂದ ಎಂಟರ ನಡುವೆ ಸ್ಥಳೀಯರು ಮಕ್ಕಳೊಂದಿಗೆ ಸಂಜೆಯ ತಿಂಡಿಗೆ ಬರುತ್ತಾರೆ. ಶನಿವಾರ, ಭಾನುವಾರಗಳಲ್ಲಿ ಆ ಹೊತ್ತನ್ನು ಬಿಡುವುದು ಲೇಸು. ವಾರದ ದಿನಗಳಲ್ಲಿ ಬೆಳಗ್ಗೆ ಹತ್ತರ ಒಳಗೆ ಹೋದರೆ ಮೇಜು ಸುಲಭವಾಗಿ ಸಿಗುತ್ತದೆ. ಸಿಬ್ಬಂದಿಗೂ ಆಗ ತುಸು ಪುರುಸೊತ್ತು ಇರುವುದರಿಂದ ನಿಮ್ಮ ತೊದಲು ಸ್ಪ್ಯಾನಿಷ್‌ಗೆ ಕಿವಿಗೊಟ್ಟು ಅದೇ ಭಾಷೆಯಲ್ಲಿ ಉತ್ತರಿಸುತ್ತಾರೆ; ಗದ್ದಲದ ಹೊತ್ತಿನಲ್ಲಾದರೆ ಅವರೇ ಇಂಗ್ಲಿಷಿಗೆ ಹೊರಳಿ ಮಾತು ಮುಗಿಸಿಬಿಡುತ್ತಾರೆ. ಮೇಲಿನ ಕೋಣೆಗಳು ತುಂಬಿದ್ದರೆ ನೆಲಮಾಳಿಗೆಯಲ್ಲೂ ಕುಳಿತುಕೊಳ್ಳುವ ವ್ಯವಸ್ಥೆಯಿದೆ, ಆದರೆ ಮೆಟ್ಟಿಲು ಇಳಿಯಲಾಗದ ಹಿರಿಯರು ಜೊತೆಗಿದ್ದರೆ ಓಣಿಯ ಮೇಜುಗಳೇ ಅನುಕೂಲ. ಅಲ್ಲಿಯೂ ಜಾಗ ಸಿಗದಿದ್ದರೆ ಕೌಂಟರಿನಲ್ಲೇ ‘ಪಾರಾ ಯೇವಾರ್’ ಎಂದು ಹೇಳಿ ಪಾರ್ಸೆಲ್ ಕಟ್ಟಿಸಿಕೊಳ್ಳಬಹುದು.